ಪೇಪರ್ ಕಪ್ಪಿನ ನಿಯಮ

ಜನವರಿ 20, ಸೋಮವಾರ. ಬೆಳಿಗ್ಗೆ 6.10

ಗುಡ್ ಮಾರ್ನಿಂಗ್ ಮೆಸೇಜು ಎರಡು ಗ್ರೂಪಿಗೂ ಹೋಯಿತು. ಇವತ್ತಿನದು — 'ನಿನ್ನೆ ಇಲ್ಲ ಅಂದವರು ಇವತ್ತು ಹೂಂ ಅನ್ನಬಹುದು.' ಬಲಗಾಲಿನ ಗ್ರೂಪಿನಲ್ಲಿ ಐದು ನಿಮಿಷಕ್ಕೆ ನಲವತ್ತು ಕೈಮುಗಿಯುವ ಚಿತ್ರ. ಎಡಗಾಲಿನ ಗ್ರೂಪಿನಲ್ಲಿ ಪಕ್ಕದ ಮನೆ ವನಜಾ ಒಬ್ಬಳೇ — 'ಅಕ್ಕ ನಲ್ಲೀಲಿ ನೀರ್ ಬಂದದೆ, ಹಿಡ್ಕೊ.'

ಕಂಪನಿ ಲೆಕ್ಕದಲ್ಲಿ ಎಲ್ಲರಿಗೂ ಎರಡು ಕಾಲು. ನಮ್ಮ ಕೆಳಗೆ ಸೇರಿದ ಜನರ ಎರಡು ಸಾಲು, ಅಷ್ಟೆ. ನನ್ನ ಎಡಗಾಲು ನಮ್ಮ ಕೇರಿ. ಒಂಬತ್ತು ಜನ. ಬಲಗಾಲು ನನ್ನ ಹಳೇ ಗೆಳತಿ ರೂಪ, ಅವಳ ನೆಂಟರು, ನೆಂಟರ ನೆಂಟರು — ಮದ್ದೂರಿಂದ ಮಳವಳ್ಳಿವರೆಗೂ ನೂರ ನಲವತ್ತೊಂದು. ಒಂದು ಸಣಕಲು, ಒಂದು ಆನೆಕಾಲು. ಕುಂಟುತ್ತಲೇ ಗೋಲ್ಡ್ ರ‍್ಯಾಂಕ್‌ವರೆಗೂ ಬಂದೆ. ಇನ್ನೊಂದು ಮೆಟ್ಟಿಲು ಹತ್ತಿದರೆ ರೂಬಿ.

ನನ್ನ ಗಂಡ ಶಿವರಾಮು ವಿ.ಸಿ. ಫಾರಂನ ಹೊಲದ ಕೆಲಸಕ್ಕೆ ಹೊರಟು ನಿಂತು, 'ಏನ್ ರೂಬಿ ಮೇಡಂ, ಇವತ್ತು ಡಬ್ಬಿಗೆ ಮುದ್ದೇನೋ, ಪೌಡ್ರೋ?' ಅಂದರು. ಮುದ್ದೆಯನ್ನೇ ಕಟ್ಟಿದೆ. ಹಾಲಿಗೆ ಕಲಸಿ ಕುಡಿಯೋ ಕಂಪನಿ ಪೌಡರ್ ಮಾರುವುದಕ್ಕೆ.

ಈ ಡೈರಿ ಕಂಪನಿಯದೇ. ಪ್ರತಿ ಪುಟದ ತಲೆಯಲ್ಲೂ ಅಚ್ಚು ಹಾಕಿದ್ದಾರೆ — 'ಇವತ್ತು ಎಷ್ಟು ಜನರಿಗೆ ಪ್ಲಾನ್ ತೋರಿಸಿದಿರಿ?' ತೋರಿಸಿಲ್ಲ. ಇನ್ನೂ ಮುಖ ತೊಳೆದಿಲ್ಲ.

ಜನವರಿ 23, ಗುರುವಾರ. ಸಂಜೆ

ರೂಪಳ ಮನೆಯಲ್ಲಿ ಮೀಟಿಂಗ್. ಶಿವಪುರ ದಾಟಿ ಎರಡು ಕಿಲೋಮೀಟರ್, ಊರೊಳಗಿನ ದೊಡ್ಡ ಮನೆ. ಮೂವತ್ತು ಹೆಂಗಸರು, ಆರು ಗಂಡಸರು. ನಾನು ನಿಂತು ಮಾತಾಡಿದೆ, ಅವರು ಕೂತು ಕೇಳಿದರು. ರೂಪಳ ಅತ್ತೆ ಮಲ್ಲಿಗಮ್ಮ ಬಾಗಿಲಲ್ಲೇ 'ಬನ್ನಿ ಮೇಡಮ್ಮಾರೆ' ಅಂದು ಚೇರು ಎಳೆದು ಹಾಕಿದರು. ಗೌರವಕ್ಕೇನೂ ಕಮ್ಮಿ ಇಲ್ಲ.

'ಪೌಡ್ರು ಕುಡುದ್ರೆ ಮಂಡಿ ನೋವ್ ಓಯ್ತದಾ ಮೇಡಂ' ಅಂತ ಒಬ್ಬಾಕೆ ಅನುಮಾನ. ನಾನು ಟ್ರೈನಿಂಗ್ ಮಾತು ತೆಗೆದೆ — 'ನನಗೂ ಮೊದಲು ಹಾಗೇ ಅನ್ನಿಸಿತ್ತು.' ಯಾರು ಏನೇ ಅಂದರೂ ಮೊದಲು ಇದನ್ನೇ ಹೇಳಬೇಕು. ಎದುರಿನವರ ಬಿಗಿ ಸಡಿಲವಾಗುತ್ತೆ. ಆಮೇಲೆ ಫಾರಂ ಮುಂದಿಡಬೇಕು. ಇದನ್ನು ನೂರ ಐವತ್ತು ಜನಕ್ಕೆ ಬಾಯಿಪಾಠ ಮಾಡಿಸಿದ್ದೇನೆ. ಎರಡು ಜಾಯಿನಿಂಗ್ ಆಯಿತು.

ಕೊನೆಗೆ ಎಲ್ಲರಿಗೂ ಶೇಕ್. ಮಾವಿನ ಫ್ಲೇವರ್, ತಣ್ಣನೆ ಹಾಲಿನಲ್ಲಿ. ಪೇಪರ್ ಕಪ್ ಕಟ್ಟು ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತೆ. ಹೋಮ್ ಮೀಟಿಂಗಿನಲ್ಲಿ ಪೇಪರ್ ಕಪ್ ಮಾತ್ರ — ಇದು ನಾನು ತಂದ ನಿಯಮ. ನಮ್ಮ ಮೇಲಿನ ಲೀಡರ್ ಸ್ವರೂಪ್ ಸರ್ ಮೈಸೂರಿನ ಟ್ರೈನಿಂಗಿನಲ್ಲಿ ಇದನ್ನು ಎತ್ತಿ ಹೇಳಿ, 'ನಾಗಶ್ರೀ ಮೇಡಂ ಟೀಮ್ ನೋಡಿ ಹೈಜೀನ್ ಕಲೀರಿ' ಅಂದಿದ್ದರು. ಚಪ್ಪಾಳೆ ಬಿತ್ತು.

ಹೈಜೀನ್ ಅಂತ ಬರೆದೆ. ಈ ಪುಸ್ತಕ ಓದುವವರು ಯಾರೂ ಇಲ್ಲ. ಆದರೂ ಹೈಜೀನ್ ಅಂತಲೇ ಬರೆದೆ.

ಜನವರಿ 27, ಸೋಮವಾರ. ಮಧ್ಯಾಹ್ನ 12

ಸ್ವರೂಪ್ ಸರ್ ಫೋನು. ರೂಬಿಗೆ ನನ್ನ ಹೆಸರು ಹೋಗಿದೆ. ಮಾರ್ಚ್ ಒಂದಕ್ಕೆ ಮಂಡ್ಯದಲ್ಲಿ ಫಂಕ್ಷನ್. ಅವತ್ತೇ ನನ್ನ ಗೋಲ್ಡ್ ರೂಪಳಿಗೆ ಸಿಗುತ್ತೆ. ನಾನು ಹತ್ತದಿದ್ದರೆ ಅವಳೂ ಹತ್ತೋ ಹಾಗಿಲ್ಲ.

ಆದರೆ ಈ ವರ್ಷ ಹೊಸ ರೂಲ್ಸು. 'ಗ್ರೀನ್ ಹೋಮ್ ಸೆಲೆಬ್ರೇಷನ್.' ಲೀಡರ್ ಮನೆಯಲ್ಲೇ ಆಗಬೇಕು. ಟೀಮಿನ ಇಪ್ಪತ್ತು ಜನ ಲೀಡರ್ ಕೈಯಿಂದ ಶೇಕ್ ತೆಗೆದುಕೊಂಡು ಒಟ್ಟಿಗೆ ಕುಡಿಯಬೇಕು. ವಿಡಿಯೋ ಕಂಪನಿಗೆ ಹೋಗಬೇಕು. ಬಿಸಾಡುವ ಕಪ್ ಬಳಸಕೂಡದು, ಸ್ಟೀಲ್ ಲೋಟವೇ ಆಗಬೇಕು. ಪರಿಸರವಂತೆ.

'ನಿಮಗೇನ್ ಮೇಡಂ, ಹೈಜೀನ್ ಕ್ವೀನ್ ನೀವು' ಅಂದರು. ನಕ್ಕೆ. ಫೋನಿಟ್ಟು ಈ ಪುಸ್ತಕ ತೆಗೆದೆ.

ಬರೆದೇ ಬಿಡುತ್ತೇನೆ. ಎರಡು ವರ್ಷದ ಹಿಂದೆ, ರೂಪಳ ಮನೆಯಲ್ಲಿ ಮೊಟ್ಟಮೊದಲ ಮೀಟಿಂಗು. ಹನ್ನೆರಡು ಜನ. ಲೋಟ ತನ್ನಿ ಅಂದೆ. ಮಲ್ಲಿಗಮ್ಮ ಒಳಗಿಂದ ಹನ್ನೊಂದು ಲೋಟ ತಂದರು. ಹನ್ನೆರಡನೆಯದನ್ನು ಹಿತ್ತಲ ಗೂಡಿನಿಂದ ತಂದರು. ಬೇರೆ ಲೋಟ. ತಳ ಸೊಟ್ಟಗಾಗಿತ್ತು. ಅದನ್ನು ನನ್ನ ಮುಂದೆ ಇಡೋದು ಹೇಗೆ ಅಂತ ಅವರೂ ಒಂದು ಗಳಿಗೆ ನಿಂತರು. ರೂಪ ನೆಲ ನೋಡುತ್ತಿದ್ದಳು. ವನಜಾ ಮಗಳ ಬರ್ತ್‌ಡೇಗೆ ಅಂತ ತೆಗೆದುಕೊಂಡಿದ್ದ ಪೇಪರ್ ಕಪ್ ನನ್ನ ಬ್ಯಾಗಿನಲ್ಲಿತ್ತು. ಕಟ್ಟು ಒಡೆದೆ. 'ಲೋಟ ಬೇಡ ಬಿಡಿ ಅಮ್ಮ, ಕಂಪನಿ ರೂಲ್ಸು, ಪೇಪರ್ ಕಪ್ ಮಾತ್ರ' ಅಂದೆ. ರೂಪ ಉಸಿರು ಬಿಟ್ಟಳು. ಮಲ್ಲಿಗಮ್ಮ ಉಸಿರು ಬಿಟ್ಟರು. ನಾನೂ.

ಅವತ್ತು ಒಂದೇ ದಿನಕ್ಕೆ ಐದು ಜಾಯಿನಿಂಗ್ ಆಯಿತು.

ಫೆಬ್ರವರಿ 2, ಭಾನುವಾರ

ಮದ್ದೂರಿನ ಹೋಟೆಲಿನಲ್ಲಿ ರೂಪಳನ್ನು ಕೂರಿಸಿಕೊಂಡು ಹೇಳಿದೆ. ಕಾಫಿ ಬಂತು. ಆ ಲೋಟಕ್ಕೆ ಬೆಳಿಗ್ಗೆಯಿಂದ ಯಾರ‍್ಯಾರ ಬಾಯಿ ತಾಗಿತ್ತೋ. ಸೊರ ಸೊರ ಕುಡಿದಳು. ನೋಡುತ್ತಾ ಕೂತೆ.

'ನಮ್ಮಟ್ಟೀಲೇ ಮಾಡ್‌ಬುಡನ ಕಣಕ್ಕ. ಜಾಗ ದೊಡ್ಡದದೆ. ವಿಡಿಯೋಗೂ ಸಂದಾಗ್ ಕಾಣ್ತದೆ.'

'ಲೀಡರ್ ಮನೇಲಾಗ್ಬೇಕು ಕಣೆ.'

'ಯಾರಟ್ಟಿ ಅಂತ ಸ್ವರೂಪ್ ಸರ್‌ಗೇನ್ ಗೊತ್ತಾಯ್ತದೆ? ಇದೇ ನಮ್ಮನೆ ಅಂತ ನೀನ್ ಅಂದ್‌ಬುಡು.'

ಇಷ್ಟು ಸಲೀಸಾಗಿ ಅಂದಳು. ನನ್ನ ಮನೆ ಇಲ್ಲ ಅಂತಲೇ ಮಾಡಿಬಿಟ್ಟಳು. ಸಿಟ್ಟು ನೆತ್ತಿಗೇರಿತು.

'ರೂಪ, ನೀನ್ ಬತ್ತೀಯೋ ಇಲ್ವೋ, ಅಷ್ಟೇಳು.'

'ನಾನ್ ಬತ್ತೀನಿ. ನಂದೇನ್ ಬುಡಕ್ಕ. ಮಿಕ್ಕೋರು...' ಕಾಫಿ ಮುಗಿಸಿ ಬೆರಳು ಒರೆಸಿಕೊಂಡಳು. 'ಕರ್ಕಬತ್ತೀನಿ ಬುಡು. ಹತ್ತೊಂಬತ್ ಜನನೂ ಕರ್ಕಬತ್ತೀನಿ. ನಂಗೂ ಗೋಲ್ಡ್ ಬೇಡ್ವಾ?'

ಗಾರ್ಮೆಂಟ್ಸ್ ಇದ್ದಾಗ ನಾನು ಲೈನ್ ಸೂಪರ್‌ವೈಸರ್, ಇವಳು ನನ್ನ ಲೈನಿನಲ್ಲಿ ಕಾಲರ್ ಹೊಲಿಯುವವಳು. ಮಧ್ಯಾಹ್ನದ ಊಟಕ್ಕೆ ನೇರ ನನ್ನ ಡಬ್ಬಿಗೇ ಕೈ ಹಾಕುತ್ತಿದ್ದಳು. ನಮ್ಮತ್ತೆಯ ಬಸ್ಸಾರು ಅಂದರೆ ಪ್ರಾಣ. ಡಬ್ಬಿ ಬೆರಳಲ್ಲಿ ಬಳಿದು ತಿಂದವಳು. ಆ ಧೈರ್ಯದ ಮೇಲೇ ನಾನು ಈ ಟೀಮ್ ಕಟ್ಟಲು ಹೊರಟದ್ದು. ಫ್ಯಾಕ್ಟರಿ ಬಾಗಿಲು ಹಾಕಿದ ದಿನ, ಗೇಟಿನ ಮುಂದೆ ಅವಳ ಕೈ ಹಿಡಿದು, 'ಲೈನು ಹೋದರೆ ಹೋಗಲಿ, ನಾವೇ ಒಂದು ಲೈನು ಕಟ್ಟೋಣ' ಅಂದಿದ್ದೆ.

ಫೆಬ್ರವರಿ 12, ಬುಧವಾರ. ರಾತ್ರಿ

ಮನೆಗೆ ಸುಣ್ಣ ಆಯಿತು. ಇಪ್ಪತ್ತನಾಲ್ಕು ಹೊಸ ಲೋಟ ಬಂದಿವೆ. ಅತ್ತೆ ಪಟ್ಟಲಮ್ಮ ಹೊಸ ಲೋಟವನ್ನೇ ಹುಣಸೆಹಣ್ಣು ಹಾಕಿ ಉಜ್ಜುತ್ತಾ ಕೂತಿದ್ದರು.

'ಅವ್ರು ಬತ್ತಾರ, ಸರಿ. ಕುಡೀತಾರ?'

'ಕುಡೀತಾರೆ ಅತ್ತೆ. ರೂಪ ಕರ್ಕಬತ್ತಾಳೆ.'

ಅತ್ತೆ ನನ್ನ ಮುಖ ನೋಡಲಿಲ್ಲ. 'ನೀನ್ ಓದ್ದೋಳು' ಅಂದು ಇನ್ನೊಂದು ಲೋಟ ತೆಗೆದುಕೊಂಡರು. ಬೈದಿದ್ದರೆ ವಾಸಿ ಇತ್ತು.

ಸ್ವರೂಪ್ ಸರ್ ನಮ್ಮ ಮನೆಯ ಫೋಟೊ ಕೇಳಿದ್ದರು. ಕಳಿಸಿದೆ. 'ಗೋಡೆ ಮೇಲಿರುವ ಫೋಟೊಗಳು ಬೇಡ ಮೇಡಂ, ಬ್ಯಾಕ್‌ಗ್ರೌಂಡ್ ನ್ಯೂಟ್ರಲ್ ಇರಲಿ, ಅಲ್ಲಿ ಕಂಪನಿ ಬ್ಯಾನರ್ ಕಟ್ಟಿಬಿಡಿ' ಅಂತ ಉತ್ತರ. ಗೋಡೆ ಮೇಲಿರುವುದು ಬಾಬಾಸಾಹೇಬರು, ಬುದ್ಧ. ಸ್ಟೂಲ್ ಹತ್ತಿ ಬ್ಯಾನರ್ ಕಟ್ಟಿದೆ. ಹೌದು, ನಾನೇ ಕಟ್ಟಿದೆ. ಸಂಜೆ ಇವರು ಕೆಲಸದಿಂದ ಬಂದು ನೋಡಿ, ಸ್ಟೂಲ್ ಹತ್ತಿ ಬಿಚ್ಚಿ ಪಕ್ಕದ ಗೋಡೆಗೆ ಕಟ್ಟಿದರು.

'ನೆಂಟ್ರು ಬರ್ಲಿ. ಅವ್ರ್ ಬತ್ತಾರಂತ ಮನೇರು ಬಚ್ಚಿಟ್ಕಬೇಕಾ?' ಅಂದರು.

ಸ್ಟೂಲ್ ಎತ್ತಿ ಒಳಗಿಟ್ಟೆ.

ಫೆಬ್ರವರಿ 16, ಭಾನುವಾರ. ಮಧ್ಯಾಹ್ನ 3.30

ಬಂದರು. ಇಪ್ಪತ್ತು ಜನವೂ ಬಂದರು. ಟೆಂಪೊ ಟ್ರಾವೆಲರ್ ನಮ್ಮ ಕೇರಿಗೆ ತಿರುಗಿದಾಗ ವನಜಾ ಓಡಿ ಬಂದು, 'ಅಕ್ಕ, ಬಂದ್‌ಬುಟ್ರು' ಅಂದಳು. ಸೆರಗು ಸರಿ ಮಾಡಿಕೊಂಡು ಬಾಗಿಲಿಗೆ ಹೋದೆ.

ಎಲ್ಲ ನಗುನಗುತ್ತಲೇ ಕೂತರು. ರೇಷ್ಮೆ ಸೀರೆ. 'ಮನೆ ಸಂದಾಗದೆ ಮೇಡಂ.' 'ಗಾಳಿ ಸಂದಾಗಿ ಆಡ್ತದೆ.' ನಾನೇ ಕೈಯಾರೆ ಲೋಟ ಕೊಟ್ಟೆ. ಎಲ್ಲರೂ ತೆಗೆದುಕೊಂಡರು. ಎರಡೂ ಕೈಯಲ್ಲಿ ಹಿಡಿದರು. ಸ್ವರೂಪ್ ಸರ್ ಕ್ಯಾಮೆರಾ ಹಿಡಿದು, 'ಒಟ್ಟಿಗೆ ಎತ್ತಿ, ರೂಬಿ ಅನ್ನಿ' ಅಂದರು. ರೂಬಿ ಅಂದರು. ಲೋಟ ಗಲ್ಲದವರೆಗೂ ಹೋಯಿತು. ನಾನು ವನಜಾ ಪಕ್ಕ ನಿಂತು ನನ್ನದನ್ನು ಗಟಗಟ ಕುಡಿದೆ. ಕಣ್ಣು ಮುಚ್ಚಿ ಕುಡಿದೆ. ನೋಡುವ ಧೈರ್ಯ ಇರಲಿಲ್ಲ.

ಹಾಡು, ಹಾರ, ಶಾಲು, ಫೋಟೊ. ಅರ್ಧ ಗಂಟೆಯಲ್ಲಿ ಟೆಂಪೊ ಹೊರಟಿತು.

ಆಮೇಲೆ ಅತ್ತೆ ಲೋಟ ಒಟ್ಟು ಮಾಡಲು ಬಂದರು. ಚಾಪೆ ಪಕ್ಕ, ಗೋಡೆ ಮೂಲೆಯಲ್ಲಿ, ಚೇರಿನ ಕೆಳಗೆ, ಟಿವಿ ಹಿಂದೆ. ಎಣಿಸಿದೆ. ಹತ್ತೊಂಬತ್ತು ಲೋಟ. ತುಂಬಿದ್ದು ತುಂಬಿದ ಹಾಗೆ. ಮೇಲೆ ನೊರೆ ಆರುತ್ತಿತ್ತು.

ಇಪ್ಪತ್ತನೆಯದು ಕಿಟಕಿ ಕಟ್ಟೆ ಮೇಲೆ. ಖಾಲಿ. ಅಲ್ಲಿ ಕೂತಿದ್ದವಳು ರೂಪ.

ಆ ಲೋಟ ಕೈಯಲ್ಲಿ ಹಿಡಿದು ಅತ್ತುಬಿಟ್ಟೆ. ಹತ್ತೊಂಬತ್ತಕ್ಕೆ ಅತ್ತೆನೋ, ಒಂದಕ್ಕೆ ಅತ್ತೆನೋ ತಿಳಿಯದು. ಅತ್ತೆ ತುಂಬಿದ ಲೋಟಗಳನ್ನೆಲ್ಲ ಬಕೆಟ್ಟಿಗೆ ಸುರಿದು, 'ಅಳ್ಬ್ಯಾಡ ಕಣಮ್ಮಿ, ಹಾಲು ದಂಡ ಆಗಲ್ಲ' ಅಂತ ಎಮ್ಮೆಯ ಮುಂದೆ ಇಟ್ಟರು. ಎಮ್ಮೆ ಮಾವಿನ ಫ್ಲೇವರ್ ಎರಡು ಸಲ ಮೂಸಿ ನೋಡಿ, ಪೂರ್ತಿ ಕುಡಿಯಿತು.

ಫೆಬ್ರವರಿ 18, ಮಂಗಳವಾರ. ಬೆಳಿಗ್ಗೆ

ಕಂಪನಿ ವಿಡಿಯೋ ಒಪ್ಪಿದೆಯಂತೆ. ಎತ್ತಿದ್ದು ಕಂಡರೆ ಸಾಕಂತೆ ಅವರಿಗೆ.

ಮಳವಳ್ಳಿಯಿಂದ ಹೊಸಬರು ಇಬ್ಬರು ಸೇರಿದರು. ಯಾರ ಕೆಳಗೆ ಹಾಕೋದು ಅನ್ನೋದು ನನ್ನ ಕೈಯಲ್ಲಿದೆ. ವನಜಾ ತಿಂಗಳಿಂದ ಕೇಳುತ್ತಿದ್ದಳು — 'ಒಬ್ರುನ್ನಾರ ನನ್ ಕೆಳಗಾಕಕ್ಕ, ನಂಗೂ ಸಿಲ್ವರ್ ಆಗ್ಲಿ.' ಮಾತೂ ಕೊಟ್ಟಿದ್ದೆ. ಇಬ್ಬರನ್ನೂ ರೂಪಳ ಕೆಳಗೆ ಹಾಕಿದೆ. ಒಂದು ಖಾಲಿ ಲೋಟದ ಋಣ ಅಂದುಕೊಂಡೆ. ಫೋನು ಮಾಡಿ ಹೇಳಿದರೆ, 'ಏನಕ್ಕ ನೀನು, ನಂಗೋಸ್ಕರ ಇಷ್ಟೆಲ್ಲ' ಅಂತ ಗದ್ಗದಿತಳಾದಳು.

ಕಿಟಕಿ ಹೊರಗಿನ ಗೋಡೆಗೆಲ್ಲ ಇರುವೆ. ಕನಕಾಂಬರದ ಗಿಡದ ಬುಡದಿಂದ ಸಾಲು ಹತ್ತಿದೆ. ಅತ್ತೆ ಅರಿಶಿನ ಉದುರಿಸಿದರು. ಈ ವರ್ಷ ಬೇಸಿಗೆ ಬೇಗ ಬಂತು.

ಫೆಬ್ರವರಿ 24, ಸೋಮವಾರ. ಮಧ್ಯಾಹ್ನ 1.15

ಸ್ವರೂಪ್ ಸರ್ ಪೂರ್ತಿ ವಿಡಿಯೋ ಕಳಿಸಿದರು. ಒಂಬತ್ತು ನಿಮಿಷ. ಫಂಕ್ಷನ್ನಿನಲ್ಲಿ ದೊಡ್ಡ ಪರದೆ ಮೇಲೆ ಹಾಕುತ್ತಾರಂತೆ.

ಮೂರು ಸಲ ನೋಡಿದೆ.

ಮೂರನೇ ನಿಮಿಷಕ್ಕೆ, ಎಲ್ಲರೂ ರೂಬಿ ಅಂದ ಮೇಲೆ, ಕ್ಯಾಮೆರಾ ನನ್ನ ಕಡೆ ಬರುತ್ತೆ. ನಾನು ಕಣ್ಣು ಮುಚ್ಚಿ ಕುಡಿಯುತ್ತಿದ್ದೇನೆ. ನನ್ನ ಹೆಗಲ ಹಿಂದೆ ಕಿಟಕಿ. ಕಿಟಕಿಯಲ್ಲಿ ರೂಪ. ಆ ಕಡೆ ಈ ಕಡೆ ನೋಡುತ್ತಾಳೆ. ಲೋಟವನ್ನು ಕಂಬಿಯ ನಡುವೆ ತೂರಿಸಿ ಬಗ್ಗಿಸುತ್ತಾಳೆ. ನಿಧಾನ, ಸದ್ದಾಗದ ಹಾಗೆ. ವಾಪಸ್ ತೆಗೆದು ಬಾಯಿಗೆ ಹಿಡಿದು, ತಲೆ ಎತ್ತಿ, ಗಂಟಲು ಆಡಿಸುತ್ತಾಳೆ. ಸೆರಗಿನಲ್ಲಿ ತುಟಿ ಒರೆಸಿಕೊಳ್ಳುತ್ತಾಳೆ. ಮುಖದಲ್ಲಿ ತೃಪ್ತಿ. ಡೆಮೋ ಕೊಡುವಾಗ ಮುಖದಲ್ಲಿ ತೃಪ್ತಿ ಕಾಣಬೇಕು ಅಂತ ಹೇಳಿಕೊಟ್ಟವಳು ನಾನೇ.

ಎದ್ದು ಹೋಗಿ ಕಿಟಕಿಯ ಕೆಳಗೆ ನೋಡಿದೆ. ಇರುವೆ ಹೋಗಿವೆ. ಗೋಡೆ ಮೇಲೆ ಹಳದಿ ಕರೆ ಉದ್ದಕ್ಕೆ ಇಳಿದಿದೆ. ಅತ್ತೆಯ ಅರಿಶಿನ ಅಂದುಕೊಂಡಿದ್ದೆ.

ಆ ಹತ್ತೊಂಬತ್ತು ಜನ ಕುಡಿಯಲಿಲ್ಲ. ಸರಿ. ಅವರು ಲೋಟ ತುಂಬಿದ್ದ ಹಾಗೇ ಬಿಟ್ಟು ಹೋದರು. ಇವಳು ಖಾಲಿ ಮಾಡಿ ತೋರಿಸಿದಳು. ಅದಕ್ಕೆ ನಾನು ಅತ್ತೆ. ವನಜಾಗೆ ಕೊಟ್ಟ ಮಾತು ಮುರಿದೆ.

ಫೆಬ್ರವರಿ 25, ಮಂಗಳವಾರ

ಗುಡ್ ಮಾರ್ನಿಂಗ್ ಮೆಸೇಜು ಹಾಕಿಲ್ಲ. ಎಂಟು ಗಂಟೆಗೇ ಹನ್ನೊಂದು ಜನ ಕೇಳಿದರು, ಮೇಡಂ ಹುಷಾರಿಲ್ಲವಾ ಅಂತ. ರೂಪಳೂ.

ಫೆಬ್ರವರಿ 28, ಶುಕ್ರವಾರ. ಸಂಜೆ 5

ಸ್ವರೂಪ್ ಸರ್ ಭಾಷಣ ಬರೆದೇ ಕಳಿಸಿದ್ದಾರೆ. ಐದು ನಿಮಿಷ. ವಿಷಯ — 'ನಾನು ಟೀಮ್ ಕಟ್ಟಿದ ಬಗೆ.' ಪ್ರೀತಿ, ವಿಶ್ವಾಸ, ಒಂದೇ ಕುಟುಂಬ, ಎಲ್ಲ ಇದೆ. ಬಾರದಿದ್ದರೆ ರ‍್ಯಾಂಕ್ ರದ್ದು, ನನ್ನದೂ ರೂಪಳದೂ. ಅದನ್ನೂ ಬರೆದಿದ್ದಾರೆ.

ವನಜಾಗೆ ಗೊತ್ತಾಗಿದೆ. ನಲ್ಲಿ ಹತ್ತಿರ ಬಿಂದಿಗೆ ಇಟ್ಟುಕೊಂಡು, 'ಇಬ್ರುನೂ ರೂಪನ್ಗೇ ಕೊಟ್ಯಂತೆ' ಅಂದಳು. ಅಷ್ಟೇ ಅಂದಳು. ತಪ್ಪಾಯ್ತು ಕಣೆ ಅಂದೆ. 'ಬುಡಕ್ಕ, ಅವ್ರ್ ಕಡೇರ್ ಜಾಸ್ತಿ ಅವ್ರೆ' ಅಂದಳು. ಬಿಂದಿಗೆ ತುಂಬಿ ಚೆಲ್ಲುತ್ತಿತ್ತು, ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ಇವರಿಗೆ ವಿಡಿಯೋ ತೋರಿಸಿದೆ. ನೋಡಿ ಫೋನು ವಾಪಸ್ ಕೊಟ್ಟರು. 'ಓಗದಾದ್ರೆ ಓಗು. ಆದ್ರೆ ಗೊತ್ತಿಲ್ದೋಳಂಗೆ ಓಗ್ಬ್ಯಾಡ' ಅಂದರು.

ಮಾರ್ಚ್ 1, ಶನಿವಾರ. ಬೆಳಿಗ್ಗೆ 8.50

ರೂಪ ಬಂದಿದ್ದಾಳೆ. ಟೆಂಪೊ ಬಾಗಿಲಲ್ಲಿದೆ, ಒಳಗೆ ಹನ್ನೆರಡು ಹೆಂಗಸರು. ಹೊರಗೇ ನಿಂತು ಕೂಗಿದಳು. ಒಳಗೆ ಬಾ ಅಂದೆ. ಬಂದು ಕೂತಳು. ಸ್ಟೀಲ್ ಲೋಟದಲ್ಲಿ ನೀರು ತಂದು ಮುಂದೆ ಇಟ್ಟೆ. ಬರಿ ನೀರು. ನಮ್ಮನೆ ನೀರು.

'ಇವತ್ ಸನಿವಾರ ಕಣಕ್ಕ, ಉಪಾಸ.'

'ನೀರ್‌ಗೆಂತ ಉಪಾಸ?'

'ಮನೇಲೇ ಕುಡುದ್ ಬಂದೆ.'

'ನನಗೂ ಮೊದಲು ಹಾಗೇ ಅನ್ನಿಸಿತ್ತು' ಅಂದೆ. ಟ್ರೈನಿಂಗಿನ ದನಿಯಲ್ಲೇ ಅಂದೆ. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ. ಚಿಲಕ ಹಾಕಿದೆ. ಆಗ ಎಲ್ಲ ಗೊತ್ತಾಯಿತು ಅವಳಿಗೆ.

'ಅಕ್ಕ, ನಮ್ಮತ್ತೆಗ್ ಗೊತ್ತಾದ್ರೆ ಒಳೀಕ್ ಸೇರ್ಸಲ್ಲ.'

'ನಮ್ಮತ್ತೆ ಮಾಡಿದ್ ಬಸ್ಸಾರ್ ತಿನ್ನುವಾಗ ನಿಮ್ಮತ್ತೆ ಇರ್ನಿಲ್ವಾ?'

'ಅಲ್ಲಿ ಯಾರ್ ನೋಡ್ತಿದ್ರು?'

ಅಂದು ಬಾಗಿಲ ಕಡೆ ತಿರುಗಿದಳು. ಟೆಂಪೊದ ಹನ್ನೆರಡು ಮುಖವೂ ಇತ್ತಲೇ ಇದ್ದವು.

'ಕುಡುದ್ರೆ ನಾನೂ ಬತ್ತೀನಿ. ಇಲ್ದಿದ್ರೆ ನೀವ್ ಓಗಿ' ಅಂದೆ.

'ನನ್ ಗೋಲ್ಡು?'

'ಅದೂ ಆ ಲೋಟ್ದಲ್ಲೇ ಅದೆ.'

ರೂಪ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದಳು, ಟೆಂಪೊಗೆ ಕಾಣದ ಹಾಗೆ. ಬಂದು ಲೋಟ ಎತ್ತಿದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕಷಾಯ ಕುಡಿಯೋ ಹಾಗೆ ಒಂದೇ ಉಸಿರಿಗೆ ಕುಡಿದಳು. ಲೋಟ ಬೋರಲು ಹಿಡಿದು ತೋರಿಸಿದಳು. ಒಂದು ತೊಟ್ಟೂ ಬೀಳಲಿಲ್ಲ.

'ಆಯ್ತಾ? ಈಗ್ ನಡಿ.'

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮನಸ್ಸಿಲ್ಲದವರ ಕೈಲಿ ಫಾರಂಗೆ ಸೈನು ಹಾಕಿಸಿಕೊಂಡಾಗ ಆಗುತ್ತಲ್ಲ, ಅಷ್ಟೇ ಆಯಿತು. ಅವಳು ಕುಡಿದದ್ದು ಗೋಲ್ಡನ್ನು. ಬಾಗಿಲು ಮುಚ್ಚಿಕೊಂಡು ಕುಡಿದಳು.

ಸೀರೆ ಮೇಲೆ ಹಾಕುವ ಕಂಪನಿ ಕೋಟು ತರುತ್ತೇನೆ ಅಂತ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಮಾತು ಕೊಟ್ಟಾಗಿದೆ, ಹೋಗುತ್ತೇನೆ. ಭಾಷಣದ ಹಾಳೆ ಹರಿದು ಒಲೆಗೆ ಹಾಕಿದೆ. ಮುಂದಿನ ಸಾಲಿನಲ್ಲಿ ವನಜಾ ಕೂರುತ್ತಾಳೆ, ನನ್ನ ಜೊತೆಯಲ್ಲೇ ಬರುತ್ತಾಳೆ ಅಂತ ಸ್ವರೂಪ್ ಸರ್‌ಗೆ ಹೇಳಿಕಳಿಸಿದ್ದೇನೆ. ಬ್ಯಾಗಿನ ತಳದಲ್ಲಿ ಅರ್ಧ ಕಟ್ಟು ಪೇಪರ್ ಕಪ್ ಉಳಿದಿದೆ. ಇರಲಿ ಅಂತ ಇಟ್ಟುಕೊಂಡೆ.

ಹಾರನ್ ಹೊಡೆಯುತ್ತಿದ್ದಾರೆ. ಹೊಡೆಯಲಿ.

ಸ್ಟೇಜ್ ಮೇಲೆ ಕೇಳುತ್ತಾರೆ — ಇಷ್ಟು ದೊಡ್ಡ ಟೀಮ್ ಹೇಗೆ ಕಟ್ಟಿದಿರಿ ಮೇಡಂ. ಹಿಂದೆ ಪರದೆ ಮೇಲೆ ವಿಡಿಯೋ ಓಡುತ್ತಿರುತ್ತೆ. ಮೂರನೇ ನಿಮಿಷ ಬರುವವರೆಗೂ ಸುಮ್ಮನಿರುತ್ತೇನೆ. ಆಮೇಲೆ ಬ್ಯಾಗಿನಿಂದ ಒಂದು ಕಪ್ ತೆಗೆದು, ಮೈಕಿನ ಮುಂದೆ ಹಿಡಿದು, ಇದರಿಂದ ಕಟ್ಟಿದೆ ಅಂತ ಹೇಳುತ್ತೇನೆ.